ವಿಭೂತಿಯ ಹಣೆ, ಪೌಡರಿನ ಮುಖ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ 'ಶರಣರ ದೃಷ್ಟಿಯಲ್ಲಿ ಸೌಂದರ್ಯ' ಎಂಬ ವಿಷಯ ಇಟ್ಟಿದ್ದಾರೆ. ಇಂಥ ವಿಷಯಕ್ಕೆ ಯಾರಾದರೂ ಪ್ರಾಧ್ಯಾಪಕರನ್ನು ಕರೆಯುವುದು ರೂಢಿ. ಈ ಸಲ ಬ್ಯೂಟಿ ಪಾರ್ಲರ್ ನಡೆಸುವವಳನ್ನು ಕರೆದಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ಸೌಂದರ್ಯ ತಜ್ಞೆ' ಎಂದು ಹಾಕಿದ್ದಾರೆ. ಓಣಿಯಲ್ಲಿ ನನಗೆ 'ಪಾರ್ಲರ್ ಅಕ್ಕ' ಅಂತಾರೆ. ಅದೇ ಸರಿ. ನಾನು ವಚನಗಳನ್ನು ಪ್ರಾಧ್ಯಾಪಕರಂತೆ ಬಿಡಿಸಿ ಹೇಳಲಾರೆ. ಆದರೆ 1998ರಿಂದ ದಿನಾ ಹತ್ತಿಪ್ಪತ್ತು ಮುಖಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದ ಹೆಣ್ಣುಮಗಳು ಮನೆಯಲ್ಲಿ ಆಡದ ಮಾತನ್ನೂ ಆಡುತ್ತಾಳೆ. ನಾನು ಮಾತನಾಡುವುದು ಅದರ ಬಲದ ಮೇಲೆ.

ನಾನು ಹಡಪದ ಮನೆತನದವಳು. ನಮ್ಮಪ್ಪ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದರು. ಸುಗ್ಗಿಯಲ್ಲಿ ಜೋಳ ಕೊಡುತ್ತಿದ್ದರು, ಅದೇ ವರ್ಷದ ದುಡಿಮೆ. ಅದೇ ಊರಿನವರು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಅಪ್ಪ ಎದುರಾದರೆ ಅಪಶಕುನ ಎಂದು ತಿರುಗಿ ಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ತಮ್ಮ ಮುಖ ಚೆಂದ ಮಾಡುವವನ ಮುಖ ಮಾತ್ರ ಅವರಿಗೆ ಕೆಟ್ಟದ್ದು! ಹಡಪದ ಅಪ್ಪಣ್ಣನವರು ಬಸವಣ್ಣನವರಿಗೆ ಎಷ್ಟು ಹತ್ತಿರದವರಾಗಿದ್ದರು, ಅವರ ಪುಣ್ಯಸ್ತ್ರೀ ಲಿಂಗಮ್ಮ ತಾನೇ ವಚನಗಳನ್ನು ರಚಿಸಿದವಳು ಎಂಬುದನ್ನು ಅಪ್ಪ ಮಠದ ಪುರಾಣದಲ್ಲಿ ಕೇಳಿ ಬಂದು ರಾತ್ರಿ ನಮಗೆ ಹೇಳುತ್ತಿದ್ದರು. ನಾನು ಪಾರ್ಲರ್ ಹಾಕುತ್ತೇನೆ ಎಂದಾಗ ಬಳಗದವರೆಲ್ಲ ಬೇಡವೆಂದರು. ಅಪ್ಪ ಒಬ್ಬರೇ, "ನಂದೂ ಅದೇ ಕಾಯಕ ಐತಿ, ನಿಂದೂ ಅದೇ. ನಿನ್ನ ಅಂಗಡಿಗೆ ಬೋರ್ಡ್ ಇರ್ತೈತಿ, ಅಷ್ಟ ಫರಕು" ಅಂದರು.

ಇನ್ನು ವಿಷಯಕ್ಕೆ ಬರುತ್ತೇನೆ.

ಮುಖಕ್ಕೆ ಬಣ್ಣ ಹಚ್ಚುವುದು ಶರಣಧರ್ಮಕ್ಕೆ ವಿರೋಧವೇ ಎಂದು ಈ ಗೋಷ್ಠಿಗೆ ಬರುವ ಹಿರಿಯರೊಬ್ಬರು ಕಳೆದ ವಾರ ನನ್ನನ್ನು ಕೇಳಿದರು. ಅವರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಬಹಳ ನೇರವಾಗಿ ಮೂಡಿತ್ತು. ನಾನು, "ಯಪ್ಪಾ, ಇದನ್ನ ಕನ್ನಡಿ ನೋಡಿಕೊಂಡು ಹಚ್ಚಿಕೊಂಡ್ರೋ, ಹಂಗೇನೋ?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ವಿಭೂತಿಯನ್ನೂ ಪೌಡರನ್ನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಸಗಣಿಯನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಸೋಸಿ, ಒಣಗಿಸಿ ಗಟ್ಟಿ ಮಾಡುವ ಆ ವಿಭೂತಿ ಎಲ್ಲವೂ ಕೊನೆಗೆ ಬೂದಿಯೇ ಎಂದು ಹಚ್ಚಿಕೊಂಡವನಿಗೆ ನೆನಪು ಮಾಡುವಂಥದ್ದು. ಆದರೆ ಅದೂ ಮುಖದ ಮೇಲೆಯೇ ಇರುತ್ತದೆ, ನಾಲ್ಕು ಜನರಿಗೆ ಕಾಣುತ್ತದೆ. ಮುಖವನ್ನು ಮನುಷ್ಯರು ಹಾಗೇ ಬಿಟ್ಟಿದ್ದು ಯಾವ ಕಾಲದಲ್ಲೂ ಇಲ್ಲ ಎಂಬುದಷ್ಟೇ ನನ್ನ ಮಾತು.

ನಮ್ಮವ್ವ ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಕಂಚಿನ ತಟ್ಟೆ ಬೋರಲು ಇಟ್ಟು, ಬೆಳಗಿನ ತನಕ ಹಿಡಿದ ಕಪ್ಪನ್ನು ಬೆಣ್ಣೆಯಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದಳು. ಹುಟ್ಟಿದ ಕೂಸಿನಿಂದ ಹಿಡಿದು ಮುದುಕಿಯ ತನಕ ಅದೇ ಡಬ್ಬಿ. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ, ಕುಂಕುಮದ ಗುಟ್ಟು ಅದೇ ಎಂದು ತೋರಿಸಿಕೊಟ್ಟವಳೂ ಅವಳೇ. ನಾಗರ ಪಂಚಮಿ ಬಂದರೆ ಅಂಗೈಗೆ ಮದರಂಗಿ. ಅಜ್ಜಿಯ ಮುಂಗೈ, ಗದ್ದದ ಮೇಲೆ ಹಚ್ಚೆ. ಇದನ್ನೆಲ್ಲ ಯಾರೂ ಮೇಕಪ್ ಎನ್ನಲಿಲ್ಲ, ಸಂಪ್ರದಾಯ ಅಂದರು. ಗಂಡಸರೂ ಹಿಂದೆ ಬಿದ್ದಿರಲಿಲ್ಲ. ದೊಡ್ಡಾಟದಲ್ಲಿ ರಾಜನ ಪಾತ್ರ, ರಾಣಿಯ ಪಾತ್ರ ಎರಡನ್ನೂ ಗಂಡಸರೇ ಕಟ್ಟುತ್ತಿದ್ದರು. ಹಳ್ಳಿಯ ಆಟಗಳ ಬಣ್ಣದ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕ, ಸಫೇದ ಇರುತ್ತಿದ್ದವು. ಅರದಾಳದಲ್ಲಿ ಪಾಷಾಣ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ವಿಷ ಎನ್ನುವವರು ಇದನ್ನು ನೆನಪಿಡಬೇಕು.

ಈಗ ಸ್ವಲ್ಪ ಮುಜುಗರದ ಮಾತು. ಮೇಕಪ್ಪಿಗೂ ಆಕರ್ಷಣೆಗೂ ಸಂಬಂಧ ಇದೆಯೋ ಇಲ್ಲವೋ? ಇದೆ. ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಕಣ್ಣಿಗೆ ಕಾಡಿಗೆ ತೀಡಿದರೆ ಕಣ್ಣಿನ ಬಿಳಿ ಇನ್ನೂ ಬಿಳಿಯಾಗಿ ಕಾಣುತ್ತದೆ, ಕಣ್ಣು ದೊಡ್ಡದಾಗಿ ಕಾಣುತ್ತದೆ. ತುಟಿಗೆ ಬಣ್ಣ ಬಂದರೆ ನಿದ್ದೆಗೆಟ್ಟ ಮುಖಕ್ಕೂ ಕಳೆ ಬರುತ್ತದೆ. ಮೇಕಪ್ ಅಂದರೆ ಇಷ್ಟೇ: ಕಣ್ಣು, ಹುಬ್ಬು, ತುಟಿ ಇವು ಮುಖದ ಉಳಿದ ಭಾಗಕ್ಕಿಂತ ಎದ್ದು ಕಾಣುವಂತೆ ಮಾಡುವುದು. ನೋಡುವವರ ಕಣ್ಣು ಒಂದು ಗಳಿಗೆ ಅಲ್ಲಿ ನಿಲ್ಲುತ್ತದೆ. ಆ ಒಂದು ಗಳಿಗೆಯ ಮೇಲೆ ನನ್ನ ಅಂಗಡಿ ನಡೆದಿದೆ, ಮಕ್ಕಳ ಓದು ಮುಗಿದಿದೆ. ಆದರೆ ಆ ಗಳಿಗೆಯ ಆಚೆಗೆ ಅದರ ಕೆಲಸ ಇಲ್ಲ. ಮದುವೆಯಾಗಿ ಆರು ತಿಂಗಳಿಗೆ ಅದೇ ಹೆಣ್ಣುಮಗಳು ಹುಬ್ಬು ತೆಗೆಸಲು ಬಂದು ಕುಳಿತಾಗ ಅವಳ ಮುಖದಲ್ಲಿ ಮನೆ ಹೇಗಿದೆ ಎಂಬುದು ಕಾಣುತ್ತದೆ. ಅದನ್ನು ಮುಚ್ಚುವ ಕ್ರೀಮು ನನ್ನ ಹತ್ತಿರ ಇಲ್ಲ. ಗಂಡ ಹೆಂಡತಿ ಚೆನ್ನಾಗಿರುವ ಮನೆಗಳಲ್ಲಿ, ಹೆಂಡತಿ ಫೇಶಿಯಲ್ ಮಾಡಿಸಿಕೊಂಡು ಹೋದದ್ದು ಗಂಡನಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಯಜಮಾನರಿಗಂತೂ ಇಷ್ಟು ವರ್ಷದಲ್ಲಿ ಒಂದು ಸಲವೂ ಗೊತ್ತಾಗಿಲ್ಲ. ಅವರು ಅಲ್ಲಿ ಹಿಂದೆ ಕುಳಿತಿದ್ದಾರೆ, ಕೇಳಿ ನೋಡಬಹುದು.

'ಹೊರಗಿನ ಚೆಲುವು ಮುಖ್ಯವಲ್ಲ, ಒಳಗಿನ ಚೆಲುವು ಮುಖ್ಯ' ಎಂಬ ಮಾತನ್ನು ವೇದಿಕೆಗಳ ಮೇಲೆ ಬಹಳ ಕೇಳುತ್ತೇವೆ. ಮಾತು ಒಳ್ಳೆಯದು. ಆದರೆ ಅದನ್ನು ಹೇಳುವ ಹಲವು ಹಿರಿಯರ ಮನೆಯ ಸೊಸೆಯಂದಿರನ್ನು ಮದುವೆಯ ದಿನ ಅಲಂಕಾರ ಮಾಡಿದವಳು ನಾನು. ಆ ಸೊಸೆಯಂದಿರಲ್ಲಿ ಎಷ್ಟು ಜನ ಕಪ್ಪಗಿದ್ದರು ಎಂಬ ಲೆಕ್ಕ ನನಗೆ ಗೊತ್ತಿದೆ. ಆ ಲೆಕ್ಕ ಹೇಳಲು ಒಂದು ಕೈಯ ಬೆರಳು ಬೇಕಾದಷ್ಟಾಯಿತು. ಒಳಗಿನ ಚೆಲುವಿನ ಮಾತನ್ನು ನಾವು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವಾಗ ಬಳಸುತ್ತೇವೆ, ಹೆಣ್ಣು ನೋಡಲು ಹೋಗುವಾಗ ಮನೆಯಲ್ಲಿ ಬಿಟ್ಟು ಹೋಗುತ್ತೇವೆ.

ಹೆಣ್ಣು ನೋಡುವ ಶಾಸ್ತ್ರದ ಒಂದು ಸಂಗತಿ ಹೇಳುತ್ತೇನೆ. ಊರು ಬೇಡ, ಮನೆತನ ಬೇಡ. ಹುಡುಗಿ ಬಿ.ಎಸ್ಸಿ. ಓದಿದವಳು. ಹುಡುಗನ ಕಡೆಯವರು ಬರುವ ದಿನ ಬೆಳಿಗ್ಗೆ ತಾಯಿ ಅವಳನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. "ಅಕ್ಕಾರ, ಗೊತ್ತಾಗಬಾರದು ನೋಡ್ರಿ, ಆದ್ರ ಒಂದೀಟು ಬೆಳ್ಳಗ ಕಾಣಬೇಕು" ಅಂದರು. ಬೆಳ್ಳಗೆ ಮಾಡಿದರೆ ಮುಖಕ್ಕೂ ಕುತ್ತಿಗೆಗೂ ಬೇರೆ ಬೇರೆ ಬಣ್ಣವಾಗಿ ಬೂದಿ ಬಳಿದಂತೆ ಕಾಣುತ್ತದೆ ಎಂದು ತಿಳಿಸಿ ಹೇಳಿ, ಅವಳ ಬಣ್ಣಕ್ಕೆ ಹೊಂದುವುದನ್ನೇ ತೆಳ್ಳಗೆ ಹಚ್ಚಿ ಕಳಿಸಿದೆ. ಬಂದವರಲ್ಲಿ ಹುಡುಗನ ಸೋದರತ್ತೆ ಒಬ್ಬರು ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ, ಸಾಬೂನು ಹಚ್ಚಿ ಮುಖ ತೊಳೆಯಲು ಹೇಳಿದರಂತೆ. ತೊಳೆದ ಮುಖವನ್ನು ಟವೆಲಿನಿಂದ ಒರೆಸಿ, ಟವೆಲನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಸಂಬಂಧ ಕೂಡಿತು. ಎಲ್ಲರಿಗೂ ಸಂತೋಷವಾಯಿತು. ಹುಡುಗಿ ಮದುವೆಯ ಮೇಕಪ್ಪಿಗೆ ಬಂದಾಗ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಅಕ್ಕಾ, ಎಮ್ಮಿ ಕೊಳ್ಳೋವಾಗ ಹಲ್ಲು ನೋಡ್ತಾರಲ್ಲ, ಹಂಗಾತು." ನಾನು ಅವಳ ರೆಪ್ಪೆಗೆ ಬಣ್ಣ ಹಚ್ಚುತ್ತಿದ್ದೆ. ಕಣ್ಣು ತುಂಬಿಕೊಂಡರೆ ಬಣ್ಣ ಹರಿಯುತ್ತದೆ ಎಂದು ಅವಳೇ ಮೇಲೆ ನೋಡುತ್ತ ತಡೆದುಕೊಂಡಳು.

ಮೇಕಪ್ ಎಂದರೆ ಮೋಸ ಎಂದು ವಾದಿಸುವವರು ಇದ್ದಾರೆ. ಆ ಸೋದರತ್ತೆಯ ಮನಸ್ಸಿನಲ್ಲೂ ಅದೇ ಇತ್ತು. ಹಾಗಾದರೆ ಹೆಣ್ಣು ನೋಡಲು ಬರುವ ಹಿಂದಿನ ದಿನ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಬರುವ ಹುಡುಗನ ತಲೆಯನ್ನು ಯಾರೂ ತೊಳೆಸಲಿಲ್ಲವಲ್ಲ! ನಮ್ಮಣ್ಣ ಈಗಲೂ ಕ್ಷೌರದ ಅಂಗಡಿ ಇಟ್ಟಿದ್ದಾನೆ. ಗಂಡಸರ ಫೇಶಿಯಲ್, ಬ್ಲೀಚ್ ಎಷ್ಟಾಗುತ್ತವೆ ಎಂದು ಅವನನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಗಂಡಸರಿಗೆಂದೇ ಬೇರೆ ಬಿಳುಪಿನ ಕ್ರೀಮು 2005ರಲ್ಲೇ ಮಾರುಕಟ್ಟೆಗೆ ಬಂತು. ಅದಕ್ಕಿಂತ ಮೊದಲು ತಂಗಿಯ ಟ್ಯೂಬನ್ನು ಕದ್ದು ಹಚ್ಚಿಕೊಳ್ಳುತ್ತಿದ್ದರು.

ಈ ಬಿಳುಪಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಮೇಕಪ್ ಬೇರೆ, ಬಿಳುಪಿನ ಹುಚ್ಚು ಬೇರೆ. ಸಂಜೆ ತೊಳೆದರೆ ಹೋಗುವುದು ಮೇಕಪ್. ಬಿಳುಪಿನ ಹುಚ್ಚು ತೊಳೆದರೆ ಹೋಗುವುದಿಲ್ಲ. ಫೇರ್ ಅಂಡ್ ಲವ್ಲಿ ನಮ್ಮ ದೇಶದಲ್ಲಿ ಬಂದದ್ದು 1975ರಲ್ಲಿ. ಜಾಹೀರಾತಿನಲ್ಲಿ ಕಪ್ಪಗಿನ ಹುಡುಗಿಗೆ ಕೆಲಸ ಸಿಗುತ್ತಿರಲಿಲ್ಲ, ವರ ಸಿಗುತ್ತಿರಲಿಲ್ಲ. ಕ್ರೀಮು ಹಚ್ಚಿದ ಮೇಲೆ ಎರಡೂ ಸಿಗುತ್ತಿದ್ದವು. 2020ರಲ್ಲಿ ಲೋಕದ ತುಂಬ ಬಣ್ಣಭೇದದ ವಿರುದ್ಧ ದನಿ ಎದ್ದಾಗ ಕಂಪನಿಯವರು 'ಫೇರ್' ಎಂಬ ಪದವನ್ನು ತೆಗೆದು 'ಗ್ಲೋ' ಎಂದು ಹಾಕಿದರು. ಹೆಸರು ಬದಲಾಯಿತು, ನನ್ನ ಅಂಗಡಿಗೆ ಬರುವವರ ಬಾಯಲ್ಲಿ ಮಾತ್ರ ಇನ್ನೂ ಹಳೆಯ ಹೆಸರೇ ಇದೆ. ತಪ್ಪನ್ನೆಲ್ಲ ಕಂಪನಿಯ ಮೇಲೆ ಹಾಕಿ ನಾವು ಪಾರಾಗುವಂತಿಲ್ಲ. ಕೂಸು ಹುಟ್ಟಿದ ಕೂಡಲೇ ಗಂಡೋ ಹೆಣ್ಣೋ ಎಂದು ಕೇಳಿ, ಹೆಣ್ಣು ಎಂದರೆ ಎರಡನೆಯ ಪ್ರಶ್ನೆಯಾಗಿ ಬಣ್ಣ ಕೇಳುವುದು ಕಂಪನಿ ಬರುವುದಕ್ಕಿಂತ ಮೊದಲೇ ಇತ್ತು. ಕಂಪನಿ ಅದಕ್ಕೆ ಡಬ್ಬಿ ಮಾಡಿ ದರ ಅಂಟಿಸಿತು.

ಚರ್ಮದಲ್ಲಿ ಬಣ್ಣ ಮಾಡುವ ಕಣಗಳು ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ ಇರುತ್ತವೆ. ಅವು ಮಾಡುವ ಮೆಲನಿನ್ ಎಂಬ ಬಣ್ಣದ ಪ್ರಮಾಣ ಹೆಚ್ಚು ಕಡಿಮೆ, ಅಷ್ಟೇ. ಆ ಕಪ್ಪು ಬಿಸಿಲಿಗೆ ದೇಹ ಹಿಡಿದ ಕೊಡೆ. ನಮ್ಮ ಎರೆಹೊಲದ ಬಿಸಿಲಲ್ಲಿ ಕಳೆ ಕೀಳುವ ಹೆಣ್ಣುಮಗಳಿಗೆ ಆ ಕೊಡೆ ಬೇಡ ಎಂದರೆ ಹೇಗೆ? ಹುಟ್ಟಿದ ಬಣ್ಣವನ್ನು ಕಾಯಂ ಆಗಿ ಬದಲಾಯಿಸುವ ಕ್ರೀಮು ಯಾವುದೂ ಇಲ್ಲ. ಇದೆ ಎಂದು ಮಾರುವವರು ಸುಳ್ಳುಗಾರರು.

ಆ ಸುಳ್ಳಿನಿಂದ ದುಡ್ಡು ಹೋದರೆ ಹೋಗಲಿ, ಮುಖವೇ ಹೋಗುತ್ತಿದೆ. ಔಷಧ ಅಂಗಡಿಯಲ್ಲಿ ಚಿಕ್ಕ ಟ್ಯೂಬು ಸಿಗುತ್ತದೆ. ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲೇ ಹಬ್ಬುತ್ತದೆ. ಹಚ್ಚಿದ ಎರಡೇ ವಾರಕ್ಕೆ ಮುಖ ನುಣ್ಣಗಾಗುತ್ತದೆ, ತಿಳಿಯಾಗುತ್ತದೆ. ಅಕ್ಕಪಕ್ಕದವರು "ಏನ್ ಹಚ್ತಿ?" ಎಂದು ಕೇಳುತ್ತಾರೆ. ಒಳಗೆ ಇರುವುದು ಸ್ಟೀರಾಯ್ಡ್. ಇಸಬು ಇಂಥದಕ್ಕೆ ಡಾಕ್ಟರು ಕೆಲವೇ ದಿನಕ್ಕೆ ಕೊಡುವ ಔಷಧ ಅದು. ಅದನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಒಳಗಿನ ಸಣ್ಣ ರಕ್ತನಾಳಗಳು ಕೆಂಪಾಗಿ ಕಾಣುತ್ತವೆ, ಮೊಡವೆ ಏಳುತ್ತವೆ, ಗದ್ದ ಕೆನ್ನೆಯ ಮೇಲೆ ಕೂದಲು ಬರುತ್ತವೆ. ಬಿಟ್ಟರೆ ಉರಿ ತಡೆಯಲಾಗದೆ ಮತ್ತೆ ಹಚ್ಚಬೇಕಾಗುತ್ತದೆ. ಸೆರೆಗೆ ಬಿದ್ದವರ ಸ್ಥಿತಿ! 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಆದೇಶ ಮಾಡಿತು. ಆದೇಶ ಕಾಗದದ ಮೇಲಿದೆ. ನನ್ನ ಕುರ್ಚಿಯಲ್ಲಿ ಇಂಥ ಸುಟ್ಟ ಮುಖಗಳು ಈಗಲೂ ಬಂದು ಕೂರುತ್ತವೆ. ಅವಕ್ಕೆ ನಾನು ಏನನ್ನೂ ಹಚ್ಚುವುದಿಲ್ಲ, ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಹೆಸರಿಲ್ಲದ ಕಂಪನಿಯ, ಬೆಲೆ ಮಾತ್ರ ದೊಡ್ಡದಿರುವ ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ. ಅದು ಮೂತ್ರಪಿಂಡಕ್ಕೆ ಕೆಡುಕು.

ಇನ್ನೊಂದು ಸಣ್ಣ ವಿಷಯ, ನೀವು ಯಾರೂ ಮೇಕಪ್ ಎಂದು ಲೆಕ್ಕಕ್ಕೆ ಹಿಡಿಯದ ಟಿಕಳಿ. ಹಿಂದೆ ಅಂಟಿಸುವ ಗೋಂದಿನಲ್ಲಿರುವ ಒಂದು ರಾಸಾಯನಿಕಕ್ಕೆ ಕೆಲವರ ಹಣೆಯ ಬಣ್ಣ ಹಾರಿ, ಟಿಕಳಿಯ ಅಳತೆಗೆ ಸರಿಯಾಗಿ ಬಿಳಿ ಕಲೆ ಉಳಿಯುತ್ತದೆ. ನೋಡಿದವರು ತೊನ್ನು ಎನ್ನುತ್ತಾರೆ. ಕಲೆ ಶುರುವಾದ ಕೂಡಲೇ ಟಿಕಳಿ ಬಿಡಬೇಕು, ಡಾಕ್ಟರಿಗೆ ತೋರಿಸಬೇಕು. ವಿಚಿತ್ರ ನೋಡಿ. ಮುಖವೆಲ್ಲ ಬೆಳ್ಳಗಾಗಲಿ ಎಂದು ಸಾಲ ಮಾಡಿ ಕ್ರೀಮು ತರುತ್ತೇವೆ, ರೂಪಾಯಿ ಅಗಲದ ಬಿಳಿ ಕಲೆ ಬಂದರೆ ಮದುವೆಯೇ ನಿಲ್ಲುತ್ತದೆ. ತೊನ್ನು ಅಂಟುವ ರೋಗವೂ ಅಲ್ಲ, ಯಾವ ಪಾಪದ ಫಲವೂ ಅಲ್ಲ.

ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಿಗೆ ನಾನು ಮತ್ತು ನನ್ನ ಹತ್ತಿರ ಕಲಿಯುವ ಇಬ್ಬರು ಹುಡುಗಿಯರು ಹೋಗಿ ಮದುಮಕ್ಕಳಿಗೆ ದುಡ್ಡಿಲ್ಲದೆ ಅಲಂಕಾರ ಮಾಡುತ್ತೇವೆ. ಒಮ್ಮೆ ಎರಡು ತಾಸಿನಲ್ಲಿ 22 ಮದುಮಕ್ಕಳು. ಪಟ್ಟಣದಲ್ಲಿ ಒಂದು ಮದುವೆಯ ಮೇಕಪ್ಪಿಗೆ ನಾನು ತೆಗೆದುಕೊಳ್ಳುವುದು 6,000 ರೂಪಾಯಿ, ದೊಡ್ಡ ಊರಿನಲ್ಲಿ 25,000ಕ್ಕೂ ಮೇಲೆ ಇದೆ. ಇಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ. ಕಾಡಿಗೆ, ಸ್ವಲ್ಪ ಪೌಡರು, ತುಟಿಗೆ ಬಣ್ಣ, ತುರುಬಿಗೆ ಹೂವು. ಆ ಐದು ನಿಮಿಷದಲ್ಲಿ ಅವರ ಮುಖದಲ್ಲಿ ಬರುವ ಕಳೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮ್ಮ ಮುಖವನ್ನು ಬೇರೆಯವರು ಅಷ್ಟು ಕಾಳಜಿಯಿಂದ ಮುಟ್ಟಿದ್ದು ಅನೇಕರಿಗೆ ಅದೇ ಮೊದಲು. ಗುಳೇ ಹೋಗುವ ಮನೆಯ ಒಬ್ಬ ಹುಡುಗಿ ಕನ್ನಡಿಯನ್ನು ವಾಪಸ್ ಕೊಡಲೇ ಇಲ್ಲ, ಪಕ್ಕದವಳು ಕಿತ್ತುಕೊಳ್ಳಬೇಕಾಯಿತು. ಮೇಕಪ್ ಬರೀ ಆಡಂಬರ ಎಂದು ಹೇಳುವವರು ಆ ಪೆಂಡಾಲಿನ ಹಿಂದಿನ ಕೋಣೆಗೆ ಒಮ್ಮೆ ಬಂದು ನಿಂತು ನೋಡಬೇಕು. ಆದರೆ ಅಲ್ಲೂ ಹತ್ತರಲ್ಲಿ ಎಂಟು ಜನ ಕೇಳುವುದು, "ಅಕ್ಕಾರ, ಬೆಳ್ಳಗ ಮಾಡ್ರಿ" ಎಂದೇ.

ಈಗ ಅಕ್ಕನ ವಿಷಯ. ಮೇಕಪ್ ಬೇಡ ಎನ್ನುವವರು ತಕ್ಷಣ ಅಕ್ಕಮಹಾದೇವಿಯ ಹೆಸರು ತೆಗೆಯುತ್ತಾರೆ. ಬಟ್ಟೆಯನ್ನೇ ಬಿಟ್ಟವಳು ಅಕ್ಕ, ನಿಮಗೆ ಲಿಪ್‌ಸ್ಟಿಕ್ ಬಿಡಲಾಗದೇ ಎಂದು. ನಾನು ಇದನ್ನು ಬೇರೆ ರೀತಿ ನೋಡುತ್ತೇನೆ. ಕೌಶಿಕನು ಅಕ್ಕನ ರೂಪಕ್ಕೆ ಮರುಳಾದ. ಅವನ ಕಣ್ಣಿಗೆ ಬಿದ್ದದ್ದು ಅವಳ ತಪ್ಪು ಎಂದು ನಮ್ಮ ಯಾವ ಪುರಾಣವೂ ಹೇಳಿಲ್ಲ, ಯಾವ ಶರಣರೂ ಹೇಳಿಲ್ಲ. ಇವತ್ತು ಮಾತ್ರ ಹುಡುಗಿಯ ಹಿಂದೆ ಯಾರಾದರೂ ಬಿದ್ದರೆ ನಾವು ಮೊದಲು ಕೇಳುವುದು ಅವಳು ಏನು ಹಾಕಿಕೊಂಡಿದ್ದಳು, ಏನು ಹಚ್ಚಿಕೊಂಡಿದ್ದಳು ಎಂದು! ಕೌಶಿಕನನ್ನು ಧಿಕ್ಕರಿಸಿ ಉಡುತಡಿಯಿಂದ ಹೊರಟ ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಅವಳನ್ನು ಬಹಳ ಕಠಿಣವಾಗಿ ಪರೀಕ್ಷೆ ಮಾಡಿದ್ದು ಶೂನ್ಯಸಂಪಾದನೆಯಲ್ಲಿದೆ. ಉಡುಗೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡಿದ್ದೇಕೆ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ. ಅದು ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲಿ ಎಂದು, ಎಂಬುದು ಅಕ್ಕನ ಉತ್ತರದ ಸಾರ. ಈ ಪ್ರಸಂಗದಿಂದ ನನಗೆ ತಿಳಿದದ್ದು, ಅಲಂಕಾರ ಬಿಟ್ಟಿದ್ದೇನೆ ಎನ್ನುವುದನ್ನೂ ಪ್ರಭುಗಳು ಹಾಗೇ ಒಪ್ಪಿಕೊಳ್ಳಲಿಲ್ಲ ಎಂಬುದು. ಬಿಟ್ಟದ್ದೂ ಒಂದು ಅಲಂಕಾರವಾಗಬಹುದು. ಖಾದಿ ಸೀರೆ ಉಟ್ಟು, ಮುಖಕ್ಕೆ ಏನೂ ಹಚ್ಚದೆ, ಹಚ್ಚಿಕೊಂಡವರನ್ನು ಕೀಳಾಗಿ ನೋಡುವವರನ್ನು ನಾನು ಬಲ್ಲೆ.

ಅಕ್ಕ ತನ್ನ ದೇವರನ್ನು ಕರೆದ ಹೆಸರಿನಲ್ಲೇ 'ಚೆನ್ನ' ಎಂಬ ಪದ ಇದೆ. ಚೆನ್ನ ಎಂದರೆ ಚೆಲುವ. ಚೆಲುವು ಕೀಳು ಎಂದುಕೊಂಡಿದ್ದರೆ ಆ ಪದವನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನ್ನ ಗಿರಾಕಿ ಅಕ್ಕಾರೊಬ್ಬರು ಒಂದು ಸಂಗತಿ ಹೇಳಿದರು. ಎ.ಕೆ. ರಾಮಾನುಜನ್ ಅವರು 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಚೆನ್ನಮಲ್ಲಿಕಾರ್ಜುನ ಎಂಬಲ್ಲಿ ಮಲ್ಲಿಗೆಯ ಬಿಳುಪನ್ನು ತಂದರಂತೆ. ಸಂಸ್ಕೃತದಲ್ಲಿ ಅರ್ಜುನ ಎಂದರೆ ಬಿಳಿ ಎಂಬ ಅರ್ಥವೂ ಇದೆ, ಹಾಗಾಗಿ ಅವರು ಆಧಾರವಿಲ್ಲದೆ ಮಾಡಿದ್ದಲ್ಲ. ಆದರೂ ಚೆನ್ನ ಎಂಬ ಮಾತು ನನ್ನ ಕಿವಿಗೆ ಬಿಳಿ ಎಂದು ಯಾವತ್ತೂ ಕೇಳಿಲ್ಲ. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರ್ ನೋಡಿ. ಅಕ್ಕ ಹಾಲಿನ ಬಣ್ಣ, ನೀಲಮ್ಮ ಹಾಲಿನ ಬಣ್ಣ, ಗಂಗಾಂಬಿಕೆ ಹಾಲಿನ ಬಣ್ಣ. 12ನೆಯ ಶತಮಾನದಲ್ಲಿ ಯಾರೂ ಫೋಟೋ ತೆಗೆದಿಲ್ಲ. ಅಂಗಳ ಗುಡಿಸಿದ ಸತ್ಯಕ್ಕ, ಅಕ್ಕಿ ಆಯ್ದ ಲಕ್ಕಮ್ಮ, ನೂಲು ತೆಗೆದ ರೆಮ್ಮವ್ವೆ, ಇವರೆಲ್ಲ ಬಿಸಿಲು ದೂಳಿನಲ್ಲಿ ಕಾಯಕ ಮಾಡಿದವರು. ಅವರನ್ನು ಚಿತ್ರದಲ್ಲಿ ನಮ್ಮವ್ವನ ಬಣ್ಣದಲ್ಲಿ ಬರೆದರೆ ಶರಣರಿಗೆ ಅಗೌರವ ಆಗುತ್ತದೆಯೇ? ಕಲಾವಿದರು ಯಾರಾದರೂ ಇಲ್ಲಿದ್ದರೆ ಯೋಚಿಸಬೇಕು.

ನನ್ನ ಅಂಗಡಿಗೆ ಒಬ್ಬರು ಬರುತ್ತಾರೆ. ನಲವತ್ತು ದಾಟಿದವರು, ಸರ್ಕಾರಿ ಕಚೇರಿಯಲ್ಲಿ ಕೆಲಸ. ಗಂಡ ತೀರಿಕೊಂಡು ನಾಲ್ಕು ವರ್ಷ. ಮುಂದಿನ ಬಾಗಿಲಿನಿಂದ ಬರುವುದಿಲ್ಲ, ಹಿತ್ತಿಲ ಬಾಗಿಲಿನಿಂದ ಬರುತ್ತಾರೆ, ಅದೂ ದೀಪ ಹಚ್ಚುವ ಹೊತ್ತಾದ ಮೇಲೆ. ಮಾಡಿಸಿಕೊಳ್ಳುವುದು ಹುಬ್ಬು ಮಾತ್ರ. ಮೊದಲ ಸಲ ಹುಬ್ಬು ತೆಗೆಸಿಕೊಂಡು ಹೋದಾಗ ಮನೆಯ ಹಿರಿಯರೊಬ್ಬರು, "ಇನ್ನ ಯಾರಿಗೆ ತೋರಿಸಾಕ ಇದೆಲ್ಲಾ?" ಎಂದು ಕೇಳಿದ್ದರಂತೆ. ಈ ಪ್ರಶ್ನೆಯನ್ನು ನಾನು ಬಹಳ ದಿನ ತಲೆಯಲ್ಲಿಟ್ಟುಕೊಂಡೆ. ಮದುವೆಗೆ ಮುಂಚೆ ಹಚ್ಚಿಕೊಂಡರೆ 'ಯಾರನ್ನ ಮರುಳು ಮಾಡಾಕ?' ಮದುವೆಯಾದ ಮೇಲೆ ಹಚ್ಚಿಕೊಳ್ಳದಿದ್ದರೆ 'ಗಂಡನ ಮನಸ್ಸು ಹಿಡಿಯಾಕ ಬರೂದಿಲ್ಲ.' ಗಂಡ ಸತ್ತ ಮೇಲೆ 'ಇನ್ನ ಯಾರಿಗೆ?' ಮೂರು ಕಾಲದಲ್ಲೂ ಅವಳ ಮುಖ ಬೇರೆ ಯಾರದೋ. ಅವಳು ಅದನ್ನು ಹೊತ್ತು ತಿರುಗುವವಳು ಮಾತ್ರ.

ಆ ಅಕ್ಕಾರು ಹಿರಿಯರಿಗೆ ಉತ್ತರ ಕೊಡಲಿಲ್ಲ. ನನಗೆ ಹೇಳಿದರು: "ಕಚೇರಿಗೆ ಹೋಗೂ ಮುಂಚೆ ಕನ್ನಡಿ ನೋಡ್ತೀನಿ. ಕನ್ನಡ್ಯಾಗ ನಾ ಇರ್ತೀನಿ. ನನಗ ತೋರಿಸಾಕ."

ಇದು ನಮ್ಮ ಧರ್ಮದ ಮನೆಯಲ್ಲಿ ನಡೆದದ್ದು. ಶರಣರು ಹುಟ್ಟಿನ ಸೂತಕ, ಸಾವಿನ ಸೂತಕ, ಮುಟ್ಟಿನ ಸೂತಕ, ಎಂಜಲ ಸೂತಕ, ಜಾತಿಯ ಸೂತಕ ಐದನ್ನೂ ತೆಗೆದುಹಾಕಿದರು ಎಂದು ಪ್ರತಿ ಬಸವ ಜಯಂತಿಗೆ ಭಾಷಣ ಮಾಡುತ್ತೇವೆ. ಅಂತ್ಯಕ್ರಿಯೆಯ ದಿನ ಮಾತ್ರ ಹೆಂಡತಿಯ ಬಳೆ ಒಡೆಯುತ್ತೇವೆ, ಹಣೆ ಒರೆಸುತ್ತೇವೆ. ಈ ಮಠದಲ್ಲಿ ಅದು ನಿಂತಿದೆ, ಪೂಜ್ಯ ಅಪ್ಪಗಳು ಗಟ್ಟಿಯಾಗಿ ನಿಂತು ನಿಲ್ಲಿಸಿದ್ದಾರೆ. ಹಳ್ಳಿಗಳಲ್ಲಿ ನಿಂತಿಲ್ಲ. ಗಂಡನನ್ನು ಕಳೆದುಕೊಂಡ ತಾಯಂದಿರಿಗೆ ಕುಂಕುಮ ಇಟ್ಟುಕೊಳ್ಳಲು ಅನುಮತಿ ಕೊಟ್ಟೆವು ಎಂದು ಹೆಮ್ಮೆಪಡುವವರೂ ಇದ್ದಾರೆ. ಅನುಮತಿ ಕೊಡಲು ನಾವು ಯಾರು? ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಬೇಡವೆನ್ನುವವರು ವಿಭೂತಿ ಮಾತ್ರ ಧರಿಸಲಿ. ಹಣೆ ಅವರದು. ಆತ್ಮಕ್ಕೆ ಹೆಣ್ಣು ಗಂಡು ಎಂಬುದಿಲ್ಲ ಎಂದು ದೇವರ ದಾಸಿಮಯ್ಯ, ಗೊಗ್ಗವ್ವೆ ಅಷ್ಟು ಹಿಂದೆಯೇ ತಿಳಿಸಿಕೊಟ್ಟ ಮೇಲೆ, ಆತ್ಮಕ್ಕೆ ಮುತ್ತೈದೆ, ವಿಧವೆ ಎಂಬುದು ಎಲ್ಲಿಂದ ಬಂತು?

ಕಾಲೇಜಿಗೆ ಹೋಗುವ ತಂಗಿಯರು ಇಲ್ಲಿದ್ದೀರಿ. ನಿಮಗೆ ನನ್ನ ಬುದ್ಧಿಮಾತು ಬೇಕಿಲ್ಲ ಎಂದು ಗೊತ್ತು. ಎರಡು ಮಾತು ಹೇಳಿ ಬಿಡುತ್ತೇನೆ. ಮೊಬೈಲಿನಲ್ಲಿ ಬರುವ ಮುಖಗಳನ್ನು ನಂಬಬೇಡಿ. ಅವುಗಳಿಗೆ ಫಿಲ್ಟರ್ ಹಾಕಿರುತ್ತಾರೆ, ಅಷ್ಟು ನುಣುಪಾದ ಚರ್ಮ ಮನುಷ್ಯರಿಗೆ ಇರುವುದಿಲ್ಲ. ಈ ಕಣ್ಣಿಂದ ಇಷ್ಟು ವರ್ಷ ಹತ್ತಿರದಿಂದ ನೋಡಿದವಳು ಹೇಳುತ್ತಿದ್ದೇನೆ, ಎಲ್ಲರ ಮೂಗಿನ ಮೇಲೂ ರಂಧ್ರ ಇವೆ. ಎರಡನೆಯದು, ಲಿಪ್‌ಸ್ಟಿಕ್ ಹಚ್ಚಿಕೊಂಡು ಹೊರಗೆ ಬಂದಾಗ ಹಗುರ ಅನಿಸಿದರೆ ಹಚ್ಚಿಕೊಳ್ಳಿ. ಹಚ್ಚಿಕೊಳ್ಳದೆ ಬಾಗಿಲು ದಾಟಲು ಹೆದರಿಕೆ ಆಗುತ್ತಿದ್ದರೆ ಆ ಹೆದರಿಕೆ ಯಾರು ಇಟ್ಟದ್ದು ಎಂದು ಕುಳಿತು ನೋಡಿ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನೋಡುವಾಗ ಯಾರೂ ಕನ್ನಡಿ ಹಿಡಿಯುವುದಿಲ್ಲ. ದಿನಕ್ಕೆ ಅರ್ಧ ತಾಸು ಅಲ್ಲಿ ಮುಖ ಮರೆತು ಕೂರಲು ಬರುತ್ತದೆ. ನನಗಂತೂ ದಿನವಿಡೀ ಕನ್ನಡಿಯ ಮುಂದೆ ಇರುವುದರಿಂದ ಆ ಅರ್ಧ ತಾಸು ಬಹಳ ಬೇಕಾಗುತ್ತದೆ.

ಕೊನೆಯದಾಗಿ ಒಂದು ಬಿನ್ನಹ. ಇದನ್ನು ಹೇಳಲೆಂದೇ ನಾನು ಈ ಆಮಂತ್ರಣ ಒಪ್ಪಿಕೊಂಡದ್ದು.

ನಮ್ಮ ಸಮಾಜದ ವಧು-ವರರ ಸಮಾವೇಶಗಳಲ್ಲಿ ತುಂಬಿಸಿಕೊಳ್ಳುವ ಅರ್ಜಿಯ ಪ್ರತಿಯೊಂದನ್ನು ತಂದಿದ್ದೇನೆ. ಮೇಲ್ಗಡೆ ಬಸವಣ್ಣನವರ ಭಾವಚಿತ್ರ ಇದೆ. ಕೆಳಗೆ ಹೆಸರು, ವಿದ್ಯೆ, ಉದ್ಯೋಗ, ಎತ್ತರ. ಏಳನೆಯದು 'ಒಳಪಂಗಡ'. ಎಂಟನೆಯದು 'ಮೈಬಣ್ಣ'. ಅದರ ಮುಂದೆ ಕಂಸದಲ್ಲಿ ಆಯ್ಕೆಗಳನ್ನೂ ಕೊಟ್ಟಿದ್ದಾರೆ: ಬಿಳಿ, ಕೆಂಪು, ಗೋಧಿ, ಎಣ್ಣೆಗಪ್ಪು. ತಂದೆ ತಾಯಿ ಈ ಎಂಟನೆಯ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಎಣ್ಣೆಗಪ್ಪು ಇದ್ದವರು ಗೋಧಿ ಎಂದು ಬರೆಯುತ್ತಾರೆ. ಬರೆದದ್ದನ್ನು ನಿಜ ಮಾಡಿಕೊಡಲು ಸಮಾವೇಶದ ಹಿಂದಿನ ದಿನ ನನ್ನ ಅಂಗಡಿಗೆ ಬರುತ್ತಾರೆ. ವರ್ಷದಲ್ಲಿ ನನಗೆ ಅತಿ ಹೆಚ್ಚು ದುಡಿಮೆಯ ದಿನಗಳಲ್ಲಿ ಅದೂ ಒಂದು. ಆ ದುಡಿಮೆ ನನಗೆ ಬೇಡ. ಹಬ್ಬಕ್ಕೆ ಬರಲಿ, ಮದುವೆಗೆ ಬರಲಿ, ಸುಮ್ಮನೆ ಮನಸ್ಸಿಗ್ಯಾಕೋ ಬೇಜಾರು ಎಂದು ಬರಲಿ, ಸಂತೋಷದಿಂದ ಮಾಡಿ ಕಳಿಸುತ್ತೇನೆ.

ಏಳನೆಯ ಸಾಲಿನ ಬಗ್ಗೆ ಈ ವೇದಿಕೆಯಲ್ಲಿ ಹಲವರು ಮಾತನಾಡಿದ್ದಾರೆ, ಹಡಪದವಳಾಗಿ ನನಗೂ ಅದರ ಬಿಸಿ ಗೊತ್ತು. ಎಂಟನೆಯದರ ಬಗ್ಗೆ ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ. ನಮ್ಮ ಮಠದ ಮುಂದಿನ ಸಮಾವೇಶದ ಅರ್ಜಿ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ ಎಂದು ಕಾರ್ಯದರ್ಶಿಗಳು ಈಗ ಬರುವಾಗ ಹೇಳಿದರು. ಆ ಎರಡೂ ಸಾಲುಗಳನ್ನು ತೆಗೆದು ಅಚ್ಚಿಗೆ ಕೊಡಬೇಕೆಂದು, ನಮ್ಮ ಪತ್ರಿಕೆಯ ವಿವಾಹ ಅಂಕಣದಲ್ಲಿ ಬರುವ 'ಬೆಳ್ಳಗಿನ ಕನ್ಯೆ ಬೇಕು' ಎಂಬ ಜಾಹೀರಾತುಗಳನ್ನು ತೆಗೆದುಕೊಳ್ಳಬಾರದೆಂದು ಪೂಜ್ಯ ಅಪ್ಪಗಳಲ್ಲಿ, ಸಂಪಾದಕರಲ್ಲಿ ಕೈಮುಗಿದು ಕೇಳುತ್ತೇನೆ. ಜಾಹೀರಾತಿನ ದುಡ್ಡು ಕಡಿಮೆಯಾದರೆ ನನ್ನ ಕಡೆಯಿಂದ ವರ್ಷಕ್ಕೆ ಒಂದು ಪುಟದ ದಾಸೋಹ ಇರಲಿ, ಪಾರ್ಲರಿನ ಹೆಸರು ಹಾಕುವುದು ಬೇಡ.

ಟ್ಯೂಬು ಹಚ್ಚಿ ಮುಖ ಉರಿ ಮಾಡಿಕೊಂಡವರು ಯಾರಾದರೂ ಇದ್ದರೆ ಪ್ರಸಾದ ಆದ ಮೇಲೆ ದಾಸೋಹ ಮನೆಯ ಪಕ್ಕದ ಕೋಣೆಯಲ್ಲಿ ನಾನು ಇರುತ್ತೇನೆ. ನಾಚಿಕೆ ಬೇಡ. ಹಚ್ಚುತ್ತಿರುವ ಟ್ಯೂಬಿನ ಖಾಲಿ ಡಬ್ಬಿ ಇದ್ದರೆ ಅದನ್ನೂ ತನ್ನಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.